ಸೊನ್ನೆಯಾಗದ ಶಿಲ್ಕು



ಕಾಶಿಗೆ ಹೋದ ಮಾತ್ರಕ್ಕೆ ಯಾರೂ ಅನ್ನಂಭಟ್ಟನಾಗುವುದಿಲ್ಲ ಎಂದು ಸಂಸ್ಕೃತ ಪಾಠಶಾಲೆಗಳಲ್ಲಿ ಒಂದು ಗಾದೆಯಿದೆ. ಮೂರು ದಿನಗಳ ಹಿಂದೆ ಇಲ್ಲಿ ರೈಲು ಇಳಿದ ನನಗೆ ಆ ಗಾದೆ ಚೆನ್ನಾಗಿ ನೆನಪಿದೆ. ನಾನು ಪಂಡಿತನಲ್ಲ. ಧಾರವಾಡದ ಕಡೆಯ ಕಾಲೇಜುಗಳಲ್ಲಿ ಭೌತವಿಜ್ಞಾನ ಪಾಠ ಹೇಳಿ ನಿವೃತ್ತನಾದ ಒಬ್ಬ ಮೇಷ್ಟರು. ವಿಜ್ಞಾನವನ್ನು ಕನ್ನಡದಲ್ಲೇ ಮಾತಾಡಬೇಕು ಎಂಬುದು ಕಾಶಿಯಲ್ಲಿ ಈ ಉಪನ್ಯಾಸ ನಡೆಸುವ ದತ್ತಿಯ ಕರಾರು. ಅದು ನನಗೆ ಕಷ್ಟದ ಕರಾರಲ್ಲ, ಇಷ್ಟದ ಕರಾರು.

ನನ್ನ ತಂದೆಗೆ ಸಂತೆಯೂರಿನಲ್ಲಿ ಒಂದು ಕಿರಾಣಿ ಅಂಗಡಿ ಇತ್ತು. ರಾತ್ರಿ ಬಾಗಿಲು ಹಾಕುವ ಮೊದಲು ಕಿರ್ದಿ ಪುಸ್ತಕ ತೆಗೆದು ಜಮೆ ಒಂದು ಕಡೆ, ಖರ್ಚು ಒಂದು ಕಡೆ ಕೂಡಿಸಿ, ಗಲ್ಲಾದಲ್ಲಿ ಉಳಿದ ದುಡ್ಡಿಗೆ ತಾಳೆ ನೋಡುತ್ತಿದ್ದರು. ಆ ಉಳಿಕೆಗೆ ಶಿಲ್ಕು ಎನ್ನುತ್ತಾರೆ. ನಾಲ್ಕಾಣೆ ತಾಳೆಯಾಗದಿದ್ದರೂ ಊಟಕ್ಕೆ ಏಳುತ್ತಿರಲಿಲ್ಲ. ‘ದುಡ್ಡು ಆವಿಯಾಗೂದಿಲ್ಲೋ, ಬರೆಯೂದು ಮರೆತಿರ್ತೀವಿ’ ಎನ್ನುತ್ತಿದ್ದರು. ಶಕ್ತಿಯ ಬಗ್ಗೆ ಮುಂದೆ ನಾನು ಓದಿದ ಪುಸ್ತಕಗಳೆಲ್ಲ ಈ ಮಾತಿಗೆ ಬರೆದ ಭಾಷ್ಯದಂತೆ ಕಂಡಿವೆ. ಇಂದಿನ ಉಪನ್ಯಾಸದ ತಿರುಳೂ ಅದೇ. ಶಕ್ತಿ ಎಂಬುದು ಒಂದು ಲೆಕ್ಕ. ಚಲನೆ ಆ ಲೆಕ್ಕದ ಒಂದು ಬಾಬತ್ತು. ಹಳೆಯ ಭೌತವಿಜ್ಞಾನದಲ್ಲಿ ಆ ಬಾಬತ್ತಿಗೆ ಎಷ್ಟು ಬೇಕಾದರೂ ಬರೆಯಬಹುದು, ಬೇಕೆಂದರೆ ಸೊನ್ನೆಯನ್ನೂ ಬರೆಯಬಹುದು. ಕ್ವಾಂಟಂ ಭೌತವಿಜ್ಞಾನ ಆ ಎರಡು ಸ್ವಾತಂತ್ರ್ಯಗಳನ್ನೂ ಕಿತ್ತುಕೊಂಡಿತು. ಇದನ್ನು ಕಂಡುಕೊಂಡವರ ಸಾಲಿನಲ್ಲಿ, ಇದೇ ಊರಿನ ಒಂದು ಕತ್ತಲೆ ಕೋಣೆಯಲ್ಲಿ ದುಡಿದ, ನಮ್ಮ ಕಡೆಯ ಹೆಸರಿನ ಒಬ್ಬರಿದ್ದಾರೆ. ಅವರ ಹತ್ತಿರ ಹೋಗಲು ಸ್ವಲ್ಪ ದಾರಿ ನಡೆಯಬೇಕು.

1. ಮಾತಿನ ಮೂಲ

ಈ ಊರಿನಲ್ಲಿ ಕನ್ನಡಿಗರಿಗೆ ಅತ್ಯಂತ ಪರಿಚಿತವಾದ ಜಾಗ ಜಂಗಮವಾಡಿ. ಜಂಗಮ ಎಂದರೆ ಚಲಿಸುವುದು, ಸ್ಥಾವರ ಎಂದರೆ ನಿಂತದ್ದು. ವಚನಕಾರರು ಈ ಎರಡು ಮಾತುಗಳ ನಡುವೆ ಒಂದು ದೊಡ್ಡ ವಾದವನ್ನೇ ಕಟ್ಟಿದರು. ಅವರಿಗೆ ಕ್ವಾಂಟಂ ಸಿದ್ಧಾಂತ ಮೊದಲೇ ಗೊತ್ತಿತ್ತು ಎನ್ನುವ ಜಾತಿಯವನು ನಾನಲ್ಲ. ಅವರ ಪ್ರಶ್ನೆ ಬೇರೆ, ನಮ್ಮದು ಬೇರೆ. ಆದರೆ ಮಾತುಗಳನ್ನು ಅವರಿಂದ ಸಾಲ ತರಬಹುದು.

ಸಾಲದ ಮಾತು ಬಂತು. ನಮ್ಮ ಹೈಸ್ಕೂಲಿನ ವಿಜ್ಞಾನ ಪುಸ್ತಕ ತೆರೆಯಿರಿ: ದ್ರವ್ಯ, ಗುರುತ್ವ, ವೇಗ, ಸ್ಥಿತಿಸ್ಥಾಪಕತೆ. ಇವೆಲ್ಲ ಕಣಾದನ ವೈಶೇಷಿಕ ದರ್ಶನದಿಂದ ಬಂದ ಪದಗಳು. ಆ ಗಾದೆಯ ಅನ್ನಂಭಟ್ಟ ಬರೆದ ‘ತರ್ಕಸಂಗ್ರಹ’ದ ಗುಣಗಳ ಪಟ್ಟಿಯಲ್ಲಿ ಗುರುತ್ವವಿದೆ, ಸಂಸ್ಕಾರವಿದೆ. ಸಂಸ್ಕಾರದಲ್ಲಿ ಮೂರು ಬಗೆ: ವೇಗ, ಭಾವನಾ, ಸ್ಥಿತಿಸ್ಥಾಪಕ. ಬಗ್ಗಿಸಿ ಬಿಟ್ಟ ಕೊಂಬೆ ಮೊದಲಿನ ಸ್ಥಿತಿಗೆ ಮರಳುವುದಕ್ಕೆ ಕಾರಣ ಸ್ಥಿತಿಸ್ಥಾಪಕ. ಬಿಲ್ಲಿನಿಂದ ಹೊರಟ ಬಾಣ ಕೈ ತಪ್ಪಿದ ಮೇಲೂ ಓಡುವುದಕ್ಕೆ ಕಾರಣ ವೇಗ. ಇಂದು ನಾವು ವೇಗ ಎಂದರೆ ಗಂಟೆಗೆ ಇಷ್ಟು ಕಿಲೋಮೀಟರ್ ಎನ್ನುತ್ತೇವೆ. ಅನ್ನಂಭಟ್ಟನಂಥ ನೈಯಾಯಿಕರಿಗೆ, ಎಂದರೆ ತರ್ಕಶಾಸ್ತ್ರದವರಿಗೆ, ಅದು ಬಾಣದೊಳಗೆ ಅಚ್ಚೊತ್ತಿದ ಒಂದು ಗುಣ. ಓಟ ಮುಂದುವರಿಯಲು ಒಂದು ಕಾರಣ ಬೇಕು ಎಂಬುದು ಅವರ ಪಟ್ಟು. 1687ರಲ್ಲಿ ನ್ಯೂಟನ್ ಆ ಪಟ್ಟನ್ನು ಬಿಡಿಸಿದ. ಓಡುತ್ತಿರುವುದು ಓಡುತ್ತಲೇ ಇರಲು ಕಾರಣ ಬೇಡ. ಓಟ ಬದಲಾಗಲು ಕಾರಣ ಬೇಕು ಎಂದ.

ಇನ್ನೊಂದು ಜಗಳ ನಮಗೆ ಇನ್ನೂ ಹತ್ತಿರದ್ದು. ಬೆಂಕಿ ಸುಡುತ್ತದೆ. ಬೆಂಕಿಯನ್ನು ಬಿಟ್ಟು ‘ಸುಡುವ ಶಕ್ತಿ’ ಎಂಬ ಬೇರೊಂದು ಪದಾರ್ಥ ಇದೆಯೇ? ಇದೆ ಎಂದರು ಪ್ರಾಭಾಕರ ಮೀಮಾಂಸಕರು. ಇಲ್ಲ, ಬೆಂಕಿ ಇದ್ದು ತಡೆ ಇಲ್ಲದಿದ್ದರೆ ಸಾಕು ಎಂದರು ನೈಯಾಯಿಕರು. ಶತಮಾನಗಳ ಕಾಲ ನಡೆದ ವಾದ ಇದು. ಭೌತವಿಜ್ಞಾನ ಕೊಟ್ಟ ಉತ್ತರ ಇಬ್ಬರ ಎಣಿಕೆಯಲ್ಲೂ ಇರಲಿಲ್ಲ. ಶಕ್ತಿ ಒಂದು ವಸ್ತುವಲ್ಲ, ಆದರೆ ಸುಳ್ಳೂ ಅಲ್ಲ. ಅದು ಒಂದು ಸಂಖ್ಯೆ. ಏನೇ ನಡೆದರೂ ಮೊತ್ತ ಬದಲಾಗದ ಸಂಖ್ಯೆ.

2. ಹೊಳೆಯ ಲೆಕ್ಕ

ಮೊದಲು ಚಲನೆಗೆ ಎಷ್ಟು ಬರೆಯಬೇಕು ಎಂಬುದು ತೀರ್ಮಾನವಾಗಬೇಕು. ಕುಂಬಾರರ ಹದ ಮಾಡಿದ ಮಣ್ಣಿನ ಮುದ್ದೆಯ ಮೇಲೆ ಒಂದು ಹಿತ್ತಾಳೆ ಗುಂಡು ಬಿಡಿ. ಎಷ್ಟು ಆಳ ಇಳಿಯಿತು ನೋಡಿ. ಅದೇ ಗುಂಡು ಎರಡರಷ್ಟು ವೇಗದಲ್ಲಿ ಬಿದ್ದರೆ ಎರಡರಷ್ಟು ಇಳಿಯುವುದಿಲ್ಲ, ನಾಲ್ಕರಷ್ಟು ಇಳಿಯುತ್ತದೆ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಹಾಲೆಂಡಿನ ಸ್‌ಗ್ರಾವೆಸಾಂಡೆ ಈ ಪ್ರಯೋಗ ಮಾಡಿದ. ಅದರ ಅರ್ಥವನ್ನು ಹಿಡಿದು ವಾದಿಸಿದವಳು ಫ್ರಾನ್ಸಿನ ಎಮಿಲಿ ದು ಶಾತಲೆ. ನ್ಯೂಟನ್ನನ ಪುಸ್ತಕವನ್ನು ಫ್ರೆಂಚಿಗೆ ತಂದವಳೂ ಅವಳೇ. ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ ಎಂದು ಗೊತ್ತಾದದ್ದು ಮಣ್ಣಿನಲ್ಲಿ ಬಿದ್ದ ಗುಳಿಯಿಂದ.

ಈಗ ಗಂಗೆಯ ಲೆಕ್ಕ. ಗೋಮುಖ ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ಈ ಊರಿನಲ್ಲಿ ಪ್ರವಾಹದ ಅಪಾಯದ ಗುರುತೇ 71.262 ಮೀಟರ್, ಮಾಮೂಲು ದಿನಗಳಲ್ಲಿ ನೀರು ಅದಕ್ಕಿಂತ ಸಾಕಷ್ಟು ಕೆಳಗಿರುತ್ತದೆ. 60 ಮೀಟರ್ ಎಂದು ಹಿಡಿಯೋಣ. ಒಂದು ಲೀಟರ್ ನೀರು ಗೋಮುಖದಿಂದ ದಶಾಶ್ವಮೇಧ ಘಾಟಿಗೆ ಬರುವಷ್ಟರಲ್ಲಿ ಸುಮಾರು 38,600 ಜೂಲ್ ಪ್ರಚ್ಛನ್ನ ಶಕ್ತಿಯನ್ನು ಖರ್ಚು ಮಾಡಿದೆ. ಇಲ್ಲಿ ಅದು ಎಷ್ಟು ವೇಗದಲ್ಲಿ ಹರಿಯುತ್ತಿದೆ? ಧಾರಾಳವಾಗಿ ಸೆಕೆಂಡಿಗೆ ಒಂದು ಮೀಟರ್ ಎನ್ನಿ. ಚಲನೆಯ ಬಾಬತ್ತಿನಲ್ಲಿ ಸಿಕ್ಕಿದ್ದು ಅರ್ಧ ಜೂಲ್. ಮೂವತ್ತೆಂಟು ಸಾವಿರದ ಆರುನೂರು ಖರ್ಚು, ಕಾಣುವುದು ಅರ್ಧ! ನನ್ನ ತಂದೆ ಆ ರಾತ್ರಿ ಮಲಗುತ್ತಿರಲಿಲ್ಲ.

ಉಳಿದದ್ದು ಎಲ್ಲಿ? ಟೆಹ್ರಿಯಂಥ ಕಟ್ಟೆಗಳಲ್ಲಿ ಒಂದು ಪಾಲು ವಿದ್ಯುತ್ತಾಗಿದೆ. ಬಂಡೆ ಉರುಳಿಸಲು, ಮರಳು ತಿಕ್ಕಲು, ಸುಳಿ ತಿರುಗಲು ಹೋದದ್ದು ಕೊನೆಗೆ ನೀರಿನ ಬಿಸಿಯಾಗಿದೆ. ಎಲ್ಲವೂ ಬಿಸಿಯಾಗಿ ಆ ಲೀಟರಿನಲ್ಲೇ ಉಳಿದಿದ್ದರೆ ನೀರು 9 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚು ಬೆಚ್ಚಗಾಗಬೇಕಿತ್ತು. ದಾರಿಯುದ್ದಕ್ಕೂ ಗಾಳಿ, ಬಿಸಿಲು, ಉಪನದಿಗಳ ಕೊಡುಕೊಳೆಯಲ್ಲಿ ಅದು ಗುರುತು ಸಿಗದಂತೆ ಬೆರೆತಿದೆ. ನಮ್ಮ ಜೋಗದಲ್ಲಿ ಈ ಲೆಕ್ಕ ಸುಲಭ. 253 ಮೀಟರ್ ಬಿದ್ದ ನೀರು ತಳದಲ್ಲಿ 0.6 ಡಿಗ್ರಿಯಷ್ಟು ಬಿಸಿಯಾಗಬೇಕು, ಹನಿಗಳು ಗಾಳಿಯಲ್ಲಿ ಆರಿ ತಂಪಾಗದಿದ್ದರೆ. 1847ರಲ್ಲಿ ಮದುವೆಯಾದ ಹೊಸತರಲ್ಲಿ ಜೇಮ್ಸ್ ಜೂಲ್ ಜಲಪಾತಗಳ ಬಿಸಿ ಅಳೆಯಲೆಂದು ಆಲ್ಪ್ಸ್ ಪರ್ವತದ ದಾರಿಯಲ್ಲಿ ಉದ್ದನೆಯ ಥರ್ಮಾಮೀಟರ್ ಹಿಡಿದು ಹೋಗುತ್ತಿದ್ದುದನ್ನು ತಾನು ಕಂಡೆ ಎಂದು ವಿಲಿಯಂ ಥಾಮ್ಸನ್ ಬರೆದಿದ್ದಾನೆ. ಹೊಸ ಹೆಂಡತಿ ಸ್ವಲ್ಪ ದೂರದಲ್ಲಿ ಗಾಡಿಯಲ್ಲಿದ್ದಳಂತೆ. ಕಿರ್ದಿ ತಾಳೆಯಾಗುವವರೆಗೆ ಊಟವಿಲ್ಲ ಎಂಬ ಜಾತಿಯ ಮನುಷ್ಯ!

ಈ ಲೆಕ್ಕದಲ್ಲಿ ಒಂದು ತಮಾಷೆಯೂ ಇದೆ. ನಿನ್ನೆ ಮಾನಮಂದಿರ ಘಾಟಿನ ಮಹಡಿ ಹತ್ತಿ, ಜಯಸಿಂಹ ಮಹಾರಾಜ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರದ ಮುಂದೆ ಕುಳಿತಿದ್ದೆ. ಕಲ್ಲಿನ ಓರೆಗೋಡೆಯ ನೆರಳು ಗುರುತುಗಳ ಮೇಲೆ ತೆವಳುತ್ತಿತ್ತು. ತೆವಳುತ್ತಿದ್ದುದು ನೆರಳಲ್ಲ, ನಾನು. ಕಾಶಿಯ ಅಕ್ಷಾಂಶದಲ್ಲಿ ಭೂಮಿ ತನ್ನ ಮೇಲೆ ಕುಳಿತವರನ್ನು ಗಂಟೆಗೆ ಸುಮಾರು 1,510 ಕಿಲೋಮೀಟರ್ ವೇಗದಲ್ಲಿ ಹೊತ್ತು ತಿರುಗುತ್ತದೆ. ಅರವತ್ತು ಕಿಲೋ ತೂಕದ ನನಗೆ ಆ ಲೆಕ್ಕದಲ್ಲಿ ಒಂದೂವರೆ ಯೂನಿಟ್ ಕರೆಂಟಿನಷ್ಟು ಚಲನಶಕ್ತಿ ಇದೆ. ಸೂರ್ಯನ ಸುತ್ತಿನ ಓಟವನ್ನು ಎಣಿಸಿದರೆ ಸುಮಾರು 7,400 ಯೂನಿಟ್. ಪಕ್ಕದಲ್ಲಿ ಕುಳಿತವರ ಪ್ರಕಾರ ಸೊನ್ನೆ. ಮೂರೂ ಸರಿ. ಯಾರ ಅಂಗಡಿಯ ಕಿರ್ದಿ ಎಂಬುದು ಮೊದಲು ಹೇಳಬೇಕು, ಅಷ್ಟೆ. ಒಂದೇ ಕಿರ್ದಿಯಲ್ಲಿ ಕೊನೆಯವರೆಗೂ ಬರೆದರೆ ತಾಳೆ ತಪ್ಪುವುದಿಲ್ಲ.

ತಪ್ಪಿದ ಹಾಗೆ ಕಂಡದ್ದುಂಟು. ಬೀಟಾ ವಿಕಿರಣದಲ್ಲಿ ಹೊರಬರುವ ಎಲೆಕ್ಟ್ರಾನುಗಳ ಶಕ್ತಿ ಕೂಡಿಸಿದರೆ ಪ್ರತಿಸಲವೂ ಕೊರತೆ. ನೀಲ್ಸ್ ಬೋರ್‌ನಂಥವನೇ ಶಕ್ತಿಯ ನಿಯಮವನ್ನು ಕೈಬಿಡಲು ಸಿದ್ಧನಾಗಿದ್ದ. 1930ರಲ್ಲಿ ಪೌಲಿ ಬೇರೆ ದಾರಿ ಹಿಡಿದ: ಲೆಕ್ಕ ಸರಿಯಿದೆ, ನಮಗೆ ಕಾಣದ ಯಾರೋ ದುಡ್ಡು ಒಯ್ಯುತ್ತಿದ್ದಾರೆ. ಆ ಕಾಣದ ಕಣವೇ ನ್ಯೂಟ್ರಿನೊ. ರಿಯಾಕ್ಟರಿನ ಬಳಿ ಅದು 1956ರಲ್ಲಿ ಸಿಕ್ಕಿತು. ಆಕಾಶದಲ್ಲಿ, ವಾತಾವರಣದ ಮೇಲ್ಪದರದಲ್ಲಿ ಹುಟ್ಟುವ ಅದರ ಬಂಧುಗಳನ್ನು ಮೊದಲು ಗುರುತಿಸಿದ ಪ್ರಯೋಗಗಳಲ್ಲಿ ಒಂದು ನಡೆದದ್ದು 1965ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ. ಬರೆಯಲು ಮರೆತ ನಾಲ್ಕಾಣೆಯ ನೆಂಟ ಸಿಕ್ಕಿದ್ದು ಚಿನ್ನದ ಗಣಿಯಲ್ಲಿ!

3. ಏಳು ಪಾಲುದಾರರು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮ್ಯಾಕ್ಸ್‌ವೆಲ್ ಮತ್ತು ಆಮೇಲೆ ಬೋಲ್ಟ್ಸ್‌ಮನ್ ಈ ಲೆಕ್ಕವನ್ನು ಅಣುಗಳಿಗೆ ಹಚ್ಚಿದರು. ಬಿಸಿ ಎಂದರೆ ಅಣುಗಳ ಚಲನೆ. ಆ ಶಕ್ತಿ ಚಲನೆಯ ಎಲ್ಲ ಬಗೆಗಳಿಗೂ, ಒಂದು ಮನೆಯ ಅಣ್ಣತಮ್ಮಂದಿರಿಗೆ ಆಸ್ತಿ ಹಂಚಿದಂತೆ, ಸಮಪಾಲಾಗಬೇಕು. ಇಂಗಾಲದ ಮಾನಾಕ್ಸೈಡ್ ಅಣುವನ್ನೇ ತೆಗೆದುಕೊಳ್ಳಿ. ಒಂದು ಇಂಗಾಲ, ಒಂದು ಆಮ್ಲಜನಕ, ನಡುವೆ ಸ್ಪ್ರಿಂಗಿನಂಥ ಬಂಧ. ಅನ್ನಂಭಟ್ಟನ ಮಾತಿನಲ್ಲಿ ಹೇಳಿದರೆ ಸ್ಥಿತಿಸ್ಥಾಪಕ. ಈ ಅಣು ಮೂರು ದಿಕ್ಕುಗಳಲ್ಲಿ ಓಡಬಹುದು: ಮೂರು ಪಾಲು. ಎರಡು ಬಗೆಯಲ್ಲಿ ಲಾಗ ಹೊಡೆಯಬಹುದು: ಎರಡು ಪಾಲು. ಸ್ಪ್ರಿಂಗು ಕಂಪಿಸುವಾಗ ಚಲನೆಗೆ ಒಂದು, ಬಿಗಿತಕ್ಕೆ ಒಂದು: ಇನ್ನೆರಡು. ಒಟ್ಟು ಏಳು ಪಾಲು. ಅನಿಲವನ್ನು ಕಾಯಿಸಿ ಅಳೆದರೆ ಐದೇ ಪಾಲು ಹೋಗಿರುತ್ತದೆ. ಕಂಪನದ ಇಬ್ಬರು ಪಾಲುದಾರರಿಗೆ ಬಿಡಿಗಾಸೂ ಇಲ್ಲ.

ಮ್ಯಾಕ್ಸ್‌ವೆಲ್‌ಗೆ ಇದು ತನ್ನ ಸಿದ್ಧಾಂತದ ಬುಡಕ್ಕೇ ಬಿದ್ದ ಪೆಟ್ಟಿನಂತೆ ಕಂಡಿತ್ತು. 1900ರ ಏಪ್ರಿಲ್‌ನಲ್ಲಿ ಥಾಮ್ಸನ್, ಆ ವೇಳೆಗೆ ಲಾರ್ಡ್ ಕೆಲ್ವಿನ್, ಭೌತವಿಜ್ಞಾನದ ಮೇಲೆ ಕವಿದ ಎರಡು ಮೋಡಗಳ ಬಗ್ಗೆ ಲಂಡನ್ನಿನಲ್ಲಿ ಒಂದು ಪ್ರಸಿದ್ಧ ಉಪನ್ಯಾಸ ಕೊಟ್ಟ. ಎರಡನೆಯ ಮೋಡ ಇದೇ ಪಾಲಿನ ತಕರಾರು. ಅದೇ ವರ್ಷದ ಡಿಸೆಂಬರ್ 14ರಂದು ಬರ್ಲಿನ್ನಿನಲ್ಲಿ ಮ್ಯಾಕ್ಸ್ ಪ್ಲಾಂಕ್, ಬಿಸಿ ವಸ್ತುವಿನ ಬೆಳಕನ್ನು ವಿವರಿಸುತ್ತ, ಶಕ್ತಿ ಬಿಡಿ ಬಿಡಿ ಕಂತುಗಳಲ್ಲೇ ಕೈ ಬದಲಾಯಿಸುತ್ತದೆ ಎಂದು ಹಿಡಿದರೆ ಲೆಕ್ಕ ಸರಿಹೋಗುತ್ತದೆ ಎಂದ. ಕಂಪನ ಎಷ್ಟು ಚುರುಕೋ ಕಂತು ಅಷ್ಟು ದೊಡ್ಡದು.

ನೋಟುಗಳ ಲೆಕ್ಕದಲ್ಲಿ ಹೇಳುತ್ತೇನೆ. ಮಾನಾಕ್ಸೈಡ್ ಅಣು ಸೆಕೆಂಡಿಗೆ ಸುಮಾರು 64 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಅದರ ಒಂದು ಕಂತನ್ನು 500 ರೂಪಾಯಿಯ ನೋಟು ಎನ್ನಿ. ಈ ಸಭಾಂಗಣದ ಬಿಸಿಯಲ್ಲಿ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವಾಗ ಕೈ ಬದಲಾಗುವ ದುಡ್ಡು ಸುಮಾರು 50 ರೂಪಾಯಿ. ಕಂಪನ 500ರ ನೋಟನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ಹಾಗಾಗಿ ಪಾಲು ತೆಗೆದುಕೊಳ್ಳದೆ ಸುಮ್ಮನೆ ಕೂತಿದೆ. ಲಕ್ಷ ಅಣುಗಳಲ್ಲಿ ಮೂರೋ ನಾಲ್ಕೋ ಅದೃಷ್ಟವಂತ ಅಣುಗಳಿಗೆ ಮಾತ್ರ ಆ ನೋಟು ಸಿಕ್ಕಿರುತ್ತದೆ. ಲಾಗ ಹೊಡೆಯುವ ಚಲನೆಗೂ ಕಂತು ಇದೆ, ಆದರೆ ಮೊದಲ ಮೆಟ್ಟಿಲಿನ ಬೆಲೆ ಇದೇ ಲೆಕ್ಕದಲ್ಲಿ 90 ಪೈಸೆ. ಐವತ್ತು ರೂಪಾಯಿ ಓಡಾಡುವ ಸಂತೆಯಲ್ಲಿ ತೊಂಬತ್ತು ಪೈಸೆಗೆ ಏನು ತೊಂದರೆ? ಆ ಪಾಲುದಾರರು ತಮ್ಮ ಹಕ್ಕು ಪೂರ್ತಿ ವಸೂಲು ಮಾಡುತ್ತಾರೆ. ಅದಕ್ಕೇ ಐದು. ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಚಳಿ ಎಷ್ಟೆಂದರೆ ಅಲ್ಲಿ ಓಡಾಡುವುದು ಈ ಚಿಲ್ಲರೆ ಮಾತ್ರ. ಆ ಮೊದಲ ಮೆಟ್ಟಿಲು ಇಳಿಯುವಾಗ ಅಣು ಬಿಡುವ 2.6 ಮಿಲಿಮೀಟರಿನ ರೇಡಿಯೊ ಅಲೆ 1970ರಲ್ಲಿ ಒರಾಯನ್ ನೀಹಾರಿಕೆಯಿಂದ ಸಿಕ್ಕಿತು. ಇಂದು ಆಕಾಶಗಂಗೆಯ ಅನಿಲ ಮೋಡಗಳ ನಕಾಶೆ ಬರೆಯುವುದು ಬಹುಮಟ್ಟಿಗೆ ಅದರಿಂದಲೇ.

4. ಅಸುಂಡಿ ಪಟ್ಟಿಗಳು

ಇದನ್ನೆಲ್ಲ ಕಣ್ಣಿನಿಂದ ನೋಡಬಹುದೇ? ಮೊನ್ನೆ ಸಂಜೆ ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಎದುರು, ಲಂಕಾ ಎಂದು ಕರೆಯುವ ಪೇಟೆಯಲ್ಲಿ, ಒಂದು ಚಹಾ ಅಂಗಡಿಯ ಮುಂದೆ ನಿಂತಿದ್ದೆ. ಗ್ಯಾಸ್ ಒಲೆ ಜೋರಾಗಿ ಉರಿಯುತ್ತಿತ್ತು. ಜೇಬಿನಲ್ಲಿ ಯಾವಾಗಲೂ ಇಟ್ಟುಕೊಂಡಿರುವ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಹಾಳೆಯ ತುಂಡನ್ನು ಕಣ್ಣಿಗೆ ಹಿಡಿದು ಜ್ವಾಲೆಯ ನೀಲಿ ಬುಡವನ್ನು ನೋಡಿದೆ. ಬೀದಿಯ ಹಳೆಯ ಬಲ್ಬು ಕಾಮನಬಿಲ್ಲಿನಂತೆ ಒಂದಕ್ಕೊಂದು ಬೆಸೆದ ಬಣ್ಣಗಳನ್ನು ತೋರಿಸುತ್ತಿತ್ತು. ಒಲೆ ಹಾಗಲ್ಲ. ಒಂದು ಹಸಿರು ಪಟ್ಟಿ, ಕತ್ತಲೆ, ಒಂದು ನೀಲಿ ಪಟ್ಟಿ, ಕತ್ತಲೆ, ಒಂದು ನೇರಳೆ. ಹಸಿರು ಪಟ್ಟಿಯ ಒಂದು ಅಂಚು ಚಾಕುವಿನಿಂದ ಕೊಯ್ದಂತೆ ಚೂಪು, ಇನ್ನೊಂದು ಬದಿ ಮೆಲ್ಲಗೆ ಮಾಸುತ್ತ ಹೋಗುತ್ತದೆ. ಅಂಗಡಿಯವರು ‘ಒಲೆಯಲ್ಲಿ ಏನಾದರೂ ದೋಷವೇ ಬಾಬೂಜಿ?’ ಎಂದು ಕೇಳಿದರು. ಹಾಳೆ ಅವರ ಕೈಗಿತ್ತೆ. ಹಾಲು ಉಕ್ಕುವವರೆಗೂ ನೋಡಿದರು.

ಆ ಹಸಿರು, ನೀಲಿ ಪಟ್ಟಿಗಳು ಎರಡು ಇಂಗಾಲ ಪರಮಾಣುಗಳ ಅಣುವಿನವು. 1857ರಲ್ಲಿ ಅವನ್ನು ವಿವರಿಸಿದ ಸ್ವಾನ್ ಎಂಬಾತನ ಹೆಸರಿನಲ್ಲಿ ಪರಿಚಿತ. ಶಕ್ತಿ ಎಷ್ಟು ಬೇಕಾದರೂ ಅಷ್ಟು ಕೈ ಬದಲಾಗುವಂತಿದ್ದರೆ ನಡುವಿನ ಕತ್ತಲೆಗೆ ಅರ್ಥವಿರುತ್ತಿರಲಿಲ್ಲ. ಎಲೆಕ್ಟ್ರಾನಿನ ಜಿಗಿತ ದೊಡ್ಡ ಮೊತ್ತ. ಪಟ್ಟಿ ಯಾವ ಬಣ್ಣದಲ್ಲಿ ಬೀಳಬೇಕು ಎಂಬುದನ್ನು ಅದು ಹೇಳುತ್ತದೆ. ಕಂಪನದ ಕಂತುಗಳು ಪಟ್ಟಿ ಪಟ್ಟಿಗಳ ನಡುವಿನ ಅಂತರ ಹೇಳುತ್ತವೆ. ಪಟ್ಟಿಯೊಳಗೆ, ಒಳ್ಳೆಯ ಉಪಕರಣಕ್ಕೆ ಮಾತ್ರ ಕಾಣುವಂತೆ, ನೂರಾರು ಸಣ್ಣ ಗೆರೆಗಳು ಲಾಗದ ಚಿಲ್ಲರೆಯನ್ನು ಎಣಿಸುತ್ತವೆ. ಮದುವೆ ಮನೆಯ ಬಾಗಿಲಲ್ಲಿ ಜನ ಒತ್ತಿದ ಹಾಗೆ ಆ ಗೆರೆಗಳು ಒಂದು ಕಡೆ ಮುಗಿಬಿದ್ದಾಗ ಚೂಪು ಅಂಚು ಏಳುತ್ತದೆ. ಅಣುವಿನ ಮೂರು ಚಲನೆಗಳ ಕಿರ್ದಿ ಒಂದೇ ಹಾಳೆಯಲ್ಲಿ!

ಈ ಹಾಳೆಯನ್ನು ಓದುವುದೇ ಆರ್. ಕೆ. ಅಸುಂಡಿಯವರ ಕಸುಬು. ಅಸುಂಡಿ ಎಂಬ ಊರು ಗದಗದ ಬಳಿ ಇದೆ. ಹೆಸರು ಕೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ. 1920ರ ದಶಕದ ಕೊನೆಯಲ್ಲಿ ಅವರು ಲಂಡನ್ನಿನಲ್ಲಿ ಆರ್. ಸಿ. ಜಾನ್ಸನ್ ಅವರೊಡನೆ ಮಾನಾಕ್ಸೈಡ್ ಅಣುವಿನ ರೋಹಿತದ ಮೇಲೆ, ಎಂದರೆ ಅದರ ಬೆಳಕಿನ ಪಟ್ಟಿಗಳ ಮೇಲೆ, ದುಡಿದರು. 1929ರಲ್ಲಿ ರಾಯಲ್ ಸೊಸೈಟಿಯ ಪ್ರೊಸೀಡಿಂಗ್ಸ್‌ನಲ್ಲಿ ಅವರ ಲೇಖನಗಳು ಬಂದವು. ಆ ಅಣುವಿನ ಎಲೆಕ್ಟ್ರಾನು ಒಂದು ಉತ್ತೇಜಿತ ಮಟ್ಟದಿಂದ ಇನ್ನೊಂದು ಉತ್ತೇಜಿತ ಮಟ್ಟಕ್ಕೆ ಇಳಿಯುವಾಗ ಕೆಂಪು ಬೆಳಕಿನ ಕಡೆ ಬೀಳುವ ಒಂದು ಪಟ್ಟಿಸಾಲಿಗೆ ಇಂದಿಗೂ ಜಗತ್ತಿನೆಲ್ಲೆಡೆ ‘ಅಸುಂಡಿ ಬ್ಯಾಂಡ್ಸ್’ ಎಂದೇ ಹೆಸರು. ನಮ್ಮ ನೋಟಿನ ಲೆಕ್ಕದಲ್ಲಿ ಕೆಂಪು ಬೆಳಕಿನ ಒಂದು ಕಂತು ಮೂರು ಸಾವಿರ ರೂಪಾಯಿ ದಾಟುತ್ತದೆ. ಅಲೀಗಢದಲ್ಲಿ ರುಡಾಲ್ಫ್ ಸ್ಯಾಮ್ಯುಯೆಲ್ ಅವರೊಂದಿಗೆ ಕೆಲಸ ಮಾಡಿ, ಮುಂದೆ ಅಸುಂಡಿಯವರು ಕಾಶಿಗೆ ಬಂದರು. ಮಾಳವೀಯರು 1916ರಲ್ಲಿ ಅಡಿಗಲ್ಲು ಹಾಕಿಸಿದ ವಿಶ್ವವಿದ್ಯಾಲಯದಲ್ಲಿ ರೋಹಿತವಿಜ್ಞಾನದ ಒಂದು ಪರಂಪರೆಯನ್ನೇ ಕಟ್ಟಿದರು. ನಂದಲಾಲ್ ಸಿಂಗ್ ಅವರಂಥ ಶಿಷ್ಯರು ಅದನ್ನು ಬೆಳೆಸಿದರು. ಕೊನೆಗೆ ಅಸುಂಡಿಯವರು ಟ್ರಾಂಬೆಯ ಪರಮಾಣು ಶಕ್ತಿ ಕೇಂದ್ರದ ರೋಹಿತವಿಜ್ಞಾನ ವಿಭಾಗಕ್ಕೆ ಹೋದರು.

ಆ ಕಾಲದ ಕೆಲಸ ಹೇಗಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಚೂರು ಅನಿಲ, ಅದರೊಳಗೆ ವಿದ್ಯುತ್ತು. ಹೊಳಪನ್ನು ಗಾಜಿನ ಫೋಟೊ ಫಲಕದ ಮೇಲೆ ಗಂಟೆಗಟ್ಟಲೆ ಬೀಳಿಸಬೇಕು. ಅದರ ಪಕ್ಕದಲ್ಲೇ ಕಬ್ಬಿಣದ ಆರ್ಕಿನ ಗೆರೆಗಳನ್ನು ಅಳತೆಗೋಲಾಗಿ ಮೂಡಿಸಬೇಕು. ಫಲಕ ತೊಳೆದು ಒಣಗಿಸಿ ಕಂಪರೇಟರಿನ ಕೆಳಗಿಟ್ಟು, ತಿರುಪು ತಿರುಗಿಸುತ್ತ ಒಂದೊಂದು ಗೆರೆಯ ಜಾಗವನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದವರೆಗೆ ಓದಬೇಕು. ನೂರಾರು ಗೆರೆಗಳು, ಕೈಲೆಕ್ಕ. ಎಲ್ಲಿಯೋ ಒಂದು ಗೆರೆ ತಾಳೆಯಾಗದಿದ್ದರೆ ಮತ್ತೆ ಮೊದಲಿನಿಂದ. ನನ್ನ ತಂದೆ ಈ ಕೋಣೆಗೆ ಬಂದಿದ್ದರೆ ಇದು ತಮ್ಮ ಅಂಗಡಿಯೇ ಎಂದುಕೊಳ್ಳುತ್ತಿದ್ದರು.

ಇಲ್ಲಿಗೆ ಓದಲು ಬಂದ ಇನ್ನೊಬ್ಬ ಕನ್ನಡಿಗರನ್ನು ನೆನೆಯಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ ಸಿ. ಎನ್. ಆರ್. ರಾವ್ 1953ರಲ್ಲಿ ಇಲ್ಲಿ ಎಂ.ಎಸ್ಸಿ. ಪಡೆದರು. ಮುಂದೆ ಭಾರತರತ್ನರಾದ ಅವರ ಮೊದಮೊದಲ ಪುಸ್ತಕಗಳಲ್ಲಿ ಅತಿನೇರಳೆ ಮತ್ತು ಅವಕೆಂಪು ರೋಹಿತಗಳ ಮೇಲಿನವು ಹೆಸರಾಗಿವೆ. ಅವಕೆಂಪು ರೋಹಿತ ಎಂದರೆ ಬೇರೇನಲ್ಲ, ಅಣುಗಳ ಕಂಪನದ ಆ 500 ರೂಪಾಯಿಯ ನೋಟುಗಳ ಎಣಿಕೆ.

5. ಸೊನ್ನೆಯಾಗದ ಶಿಲ್ಕು

ಇನ್ನು ಉಳಿದದ್ದು ನನ್ನ ತಲೆಬರಹದ ಮಾತು. ಅಣುವಿನಿಂದ ಕಂಪನದ ಕಂತುಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡರೆ ಕೊನೆಗೆ ಏನು ಉಳಿಯುತ್ತದೆ? ಏನೂ ಇಲ್ಲ, ಸ್ಪ್ರಿಂಗು ನಿಂತಿತು ಎಂದು ಹಳೆಯ ಭೌತವಿಜ್ಞಾನ ಹೇಳುತ್ತದೆ. ಅಮೆರಿಕದ ರಾಬರ್ಟ್ ಮುಲ್ಲಿಕನ್ ಎಂಬ ತರುಣ 1924–25ರಲ್ಲಿ ಬೋರಾನ್ ಮಾನಾಕ್ಸೈಡಿನ ಪಟ್ಟಿಗಳನ್ನು ಓದುತ್ತಿದ್ದ. ಬೋರಾನ್ ಪರಮಾಣುವಿನಲ್ಲಿ ಎರಡು ತೂಕ: ಹತ್ತು, ಹನ್ನೊಂದು. ಭಾರದ್ದು ನಿಧಾನವಾಗಿ ಕಂಪಿಸುತ್ತದೆ, ಹಾಗಾಗಿ ಅದರ ಕಂತು ಚಿಕ್ಕದು. ಈಗ ಕಂಪನದ ಒಂದು ಕಂತೂ ಇಲ್ಲದ ಎರಡು ಮಟ್ಟಗಳ ನಡುವಿನ ಜಿಗಿತವನ್ನು ನೋಡಿ. ಅಲ್ಲಿ ಕಂಪನದ ಶಿಲ್ಕು ನಿಜಕ್ಕೂ ಸೊನ್ನೆಯಾಗಿದ್ದರೆ ತೂಕದ ವ್ಯತ್ಯಾಸ ಕಾಣಬಾರದು. ಎರಡೂ ಬಗೆಯ ಅಣುಗಳ ಪಟ್ಟಿ ಒಂದೇ ಜಾಗದಲ್ಲಿ ಬೀಳಬೇಕು. ಬೀಳಲಿಲ್ಲ. ಸರಿದ ದೂರವನ್ನು ಅಳೆದಾಗ, ಕೆಳಗಿನ ಮೆಟ್ಟಿಲಿನಲ್ಲೂ ಅರ್ಧ ಕಂತು ಉಳಿದಿರುತ್ತದೆ ಎಂದಾಯಿತು. ಹೈಸೆನ್‌ಬರ್ಗ್‌ನ ಹೊಸ ಗಣಿತ ಅದೇ ಅರ್ಧವನ್ನು ತಾನಾಗಿಯೇ ಕೊಟ್ಟದ್ದು 1925ರಲ್ಲಿ. ಪಟ್ಟಿ ಓದುವವರು ಆ ಹೊಸ ಗಣಿತಕ್ಕಿಂತ ಒಂದು ಹೆಜ್ಜೆ ಮುಂದಿದ್ದರು.

ಯಾಕೆ ಹೀಗೆ? ಪೂರ್ತಿ ನಿಂತ ಕಣ ಎಂದರೆ ಅದು ಎಲ್ಲಿದೆ ಎಂಬುದೂ ಖಚಿತ, ವೇಗ ಸೊನ್ನೆ ಎಂಬುದೂ ಖಚಿತ. 1927ರಲ್ಲಿ ಹೈಸೆನ್‌ಬರ್ಗ್ ತೋರಿಸಿದ್ದು ಆ ಎರಡು ಖಚಿತಗಳು ಒಂದೇ ಮನೆಯಲ್ಲಿ ಬಾಳುವುದಿಲ್ಲ ಎಂದು. ಜಾಗವನ್ನು ಬಿಗಿ ಮಾಡಿದಷ್ಟೂ ವೇಗ ಹರಡುತ್ತದೆ, ಚಲನೆಯ ಬಾಬತ್ತು ಏರುತ್ತದೆ. ಬಿಗಿ ಸಡಿಲಿಸಿದರೆ ಸ್ಪ್ರಿಂಗು ಎಳೆಯುತ್ತದೆ, ಪ್ರಚ್ಛನ್ನ ಶಕ್ತಿ ಏರುತ್ತದೆ. ಎರಡರ ಮೊತ್ತ ಅತಿ ಕಡಿಮೆಯಾಗುವ ರಾಜಿಯ ಬಿಂದುವೇ ಆ ಅರ್ಧ ಕಂತು. ಮಾನಾಕ್ಸೈಡಿಗೆ 250 ರೂಪಾಯಿ. ಖಾತೆ ತೆರೆದಿರುವವರೆಗೂ ತೆಗೆಯಲಾಗದ ಕನಿಷ್ಠ ಶಿಲ್ಕು.

ಇದು ಪುಸ್ತಕದ ಮಾತಲ್ಲ. ದ್ರವ ಹೀಲಿಯಂ ಎಷ್ಟು ತಣಿಸಿದರೂ ನಮ್ಮ ಸಾಮಾನ್ಯ ಒತ್ತಡದಲ್ಲಿ ಹೆಪ್ಪುಗಟ್ಟುವುದೇ ಇಲ್ಲ. ಅದರ ಪರಮಾಣುಗಳು ಹಗುರ, ಪರಸ್ಪರ ಸೆಳೆತ ಕಡಿಮೆ. ಆ ಕನಿಷ್ಠ ಶಿಲ್ಕೇ ಅವನ್ನು ಸಾಲಾಗಿ ಕೂರಲು ಬಿಡುವುದಿಲ್ಲ. ಸುಮಾರು 25 ವಾತಾವರಣಗಳಷ್ಟು ಒತ್ತಡ ಹಾಕಿದರೆ ಮಾತ್ರ ಘನವಾಗುತ್ತದೆ. ಬೆಳಗಿನ ಜಾವ ಅಸ್ಸಿ ಘಾಟಿನಲ್ಲಿ ನಿಂತು ಆಚೆ ದಡದಿಂದ ಏಳುವ ಸೂರ್ಯನನ್ನು ನೋಡುವವರಿಗೂ ಇದರ ಒಡಹುಟ್ಟಿದ ಉದಾಹರಣೆ ಎದುರಿಗಿದೆ. ಸೂರ್ಯನ ಒಡಲಿನ ಸುಮಾರು ಒಂದೂವರೆ ಕೋಟಿ ಡಿಗ್ರಿ ಬಿಸಿಯೂ ಪ್ರೋಟಾನುಗಳು ಪರಸ್ಪರ ವಿಕರ್ಷಣೆಯ ಗುಡ್ಡ ಹತ್ತಲು ಸಾಲದು. ಹಳೆಯ ಲೆಕ್ಕದ ಪ್ರಕಾರ ಆ ಒಲೆ ಹೊತ್ತಿಕೊಳ್ಳುವುದೇ ಇಲ್ಲ. ಜಾಗ ಖಚಿತವಲ್ಲದ ಕಣ ಗುಡ್ಡವನ್ನು ಹತ್ತದೆಯೇ ಆಚೆ ಸಿಗುವ ಸಣ್ಣ ಸಂಭವವನ್ನು 1928ರಲ್ಲಿ ಗ್ಯಾಮೊ ಬೀಜಕೇಂದ್ರಗಳಿಗೆ ಹಚ್ಚಿದ. ಮರುವರ್ಷ, ಅಸುಂಡಿಯವರ ಲೇಖನಗಳು ಬಂದ 1929ರಲ್ಲೇ, ಆಟ್ಕಿನ್ಸನ್ ಮತ್ತು ಹೌಟರ್‌ಮನ್ಸ್ ಅದನ್ನು ನಕ್ಷತ್ರಗಳಿಗೆ ಹಚ್ಚಿದರು.

ಹೀಗೆ ನಕ್ಷತ್ರದಿಂದ ಹೊರಗೆ ಹರಿದ ಬೆಳಕನ್ನೂ ಕಿರ್ದಿಯಲ್ಲಿ ಖರ್ಚು ಬರೆಯಬೇಕು, ಆ ಲೆಕ್ಕಕ್ಕೂ ಈ ಊರಿನ ನಂಟಿದೆ. 1942ರಲ್ಲಿ ಗುಜರಾತಿನ ಪಿ. ಸಿ. ವೈದ್ಯ ಎಂಬ ಖಾದಿ ತೊಟ್ಟ ಯುವಕ ಇಲ್ಲಿನ ಗಣಿತದ ಪ್ರಾಧ್ಯಾಪಕ ವಿ. ವಿ. ನಾರ್ಳೀಕರ್ ಅವರ ಬಳಿ ಕಲಿಯಲು ಬಂದು ತಿಂಗಳುಗಟ್ಟಲೆ ಇದ್ದರು. ಬೆಳಕು ಚೆಲ್ಲುವ ನಕ್ಷತ್ರ ತೂಕ ಕಳೆದುಕೊಳ್ಳುತ್ತದೆ. ಅದರ ಸುತ್ತಲಿನ ದೇಶಕಾಲದ ಆಕಾರ ಆಗ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಗೆ ಅವರು ಉತ್ತರ ಕಂಡರು. ಅದು 1943ರಲ್ಲಿ ಅಚ್ಚಾದದ್ದು ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಲೋಕವೆಲ್ಲ ಇಂದು ಅದನ್ನು ವೈದ್ಯ ಮೆಟ್ರಿಕ್ ಎನ್ನುತ್ತದೆ.

ಮತ್ತೆ ಅಣುವಿಗೆ ಬರೋಣ. ಅತಿ ಕೆಳಗಿನ ಮೆಟ್ಟಿಲಿನಲ್ಲಿರುವ ಅಣುವನ್ನು ಎಷ್ಟು ಹೊತ್ತು ನೋಡಿದರೂ ಏನೂ ಬದಲಾಗುವುದಿಲ್ಲ. ಪರಮಾಣು ಎಲ್ಲಿ ಸಿಗಬಹುದು ಎಂಬ ಸಂಭವದ ಹರಹು ಈ ಕ್ಷಣ ಹೇಗಿದೆಯೋ ಮುಂದಿನ ಕ್ಷಣವೂ ಹಾಗೇ. ಆ ಅರ್ಥದಲ್ಲಿ ಅದು ಸ್ಥಾವರ. ಆದರೆ ಅದರ ಕಿರ್ದಿ ತೆರೆದರೆ ಚಲನೆಯ ಬಾಬತ್ತಿನಲ್ಲಿ ಸೊನ್ನೆಯಲ್ಲದ ಮೊತ್ತವಿದೆ. ಆ ಅರ್ಥದಲ್ಲಿ ಅದು ಜಂಗಮ. ಎಲ್ಲಿಂದ ಎಲ್ಲಿಗೂ ಹೋಗದ ಚಲನೆ. ಇದನ್ನು ಕೇಳಿ ತಲೆ ಕೆರೆದುಕೊಂಡರೆ ತಪ್ಪಿಲ್ಲ. ನಾನು ಮೂವತ್ತಾರು ವರ್ಷ ಪಾಠ ಹೇಳುತ್ತಲೇ ಕೆರೆದುಕೊಂಡಿದ್ದೇನೆ. ಚಲನೆ ಎಂದರೆ ಇಲ್ಲಿಂದ ಅಲ್ಲಿಗೆ ಹೋಗುವುದು ಎಂಬ ನಮ್ಮ ಎಣಿಕೆ ಬಂದದ್ದು ಹೊಳೆಯಿಂದ, ಬಾಣದಿಂದ, ಬಂಡಿಯಿಂದ. ಅಣುವಿನಲ್ಲಿ ದಾರಿಯ ಗುರುತು ಅಳಿಸಿಹೋಗಿದೆ, ಲೆಕ್ಕ ಮಾತ್ರ ಉಳಿದಿದೆ.

ಒಂದು ಎಚ್ಚರಿಕೆ ಹೇಳದೆ ಮುಗಿಸಲಾರೆ. ಈ ಸೊನ್ನೆಯಾಗದ ಶಿಲ್ಕಿನಿಂದ ಪುಕ್ಕಟೆ ವಿದ್ಯುತ್ ತೆಗೆಯುತ್ತೇವೆ ಎನ್ನುವವರೂ, ಕ್ವಾಂಟಂ ಪದಕ ಕೊರಳಿಗೆ ಕಟ್ಟಿದರೆ ಮಂಡಿನೋವು ಹೋಗುತ್ತದೆ ಎನ್ನುವವರೂ ಪೇಟೆಯಲ್ಲಿದ್ದಾರೆ. ತೆಗೆಯಲು ಬರುವುದಿಲ್ಲ ಎಂಬುದೇ ಕನಿಷ್ಠ ಶಿಲ್ಕಿನ ಅರ್ಥ. ಅದಕ್ಕಿಂತ ಕೆಳಗಿನ ಮೆಟ್ಟಿಲಿಲ್ಲ. ಇಳಿಯಲು ಜಾಗವಿಲ್ಲದ ಕಡೆಯಿಂದ ನೀರು ಹರಿಸಲಾಗದು. ಅಂಥವರು ಸಿಕ್ಕರೆ ಕಿರ್ದಿ ತೋರಿಸಿ ಎಂದು ಕೇಳಿ.

ಕೊನೆಗೆ ಒಂದು ಕೋರಿಕೆ. ಈ ಉಪನ್ಯಾಸಕ್ಕೆ ದತ್ತಿಯವರು ಗೌರವಧನ ಇಟ್ಟಿದ್ದಾರೆ. ಅದನ್ನು ಅಲ್ಲೇ ಇಟ್ಟುಕೊಂಡು, ಆ ಹಣಕ್ಕೆ ಎಷ್ಟು ಬರುತ್ತವೋ ಅಷ್ಟು ಗ್ರೇಟಿಂಗ್ ಹಾಳೆಗಳನ್ನು ತರಿಸಿ, ಗದಗ ಸೀಮೆಯ ಕನ್ನಡ ಶಾಲೆಗಳಿಗೆ ಕಳಿಸಬೇಕು. ಒಂದು ಹಾಳೆ ಕತ್ತರಿಸಿದರೆ ಒಂದು ತರಗತಿಗೆ ಸಾಕು. ಮಕ್ಕಳು ಮನೆಗೆ ಹೋಗಿ ಗ್ಯಾಸ್ ಒಲೆಯ ನೀಲಿ ಬುಡ ನೋಡಲಿ, ಪಟ್ಟಿಗಳನ್ನು ಎಣಿಸಲಿ, ನಡುವೆ ಕತ್ತಲೆ ಯಾಕೆ ಎಂದು ಮೇಷ್ಟರನ್ನು ಕಾಡಲಿ. ಹಾಗೆ ಮಾಡಿದರೆ ಕಾಶಿಯಲ್ಲಿ ನನ್ನ ಖಾತೆಯ ಶಿಲ್ಕು ಸೊನ್ನೆಯಾಗುತ್ತದೆ. ಅಣುವಿಗಿಲ್ಲದ ಆ ಸೌಲಭ್ಯ ನನಗುಂಟು, ಬಳಸಿಕೊಳ್ಳುತ್ತೇನೆ.